ಕೂಸಪ್ಪನನ್ನು ಹೊತ್ತ ಗಾಳಿ

ಬಸ್ಸಿನ ಕಂಡಕ್ಟರ್ ತಂದ ಸುದ್ದಿಯಲ್ಲಿ ಎರಡು ತುಂಡು ಇತ್ತು. ನಿನ್ನ ಅಣ್ಣ ಕೂಸಪ್ಪ ಅಡಿಕೆ ಮರದಿಂದ ಬಿದ್ದಿದ್ದಾನೆ, ಜೀವಕ್ಕೆ ಅಪಾಯ ಇಲ್ಲ ಎನ್ನುವುದು ಒಂದು. ಬರುವಾಗ ಗ್ಯಾರೇಜಿನ ಸಾಮಾನೆಲ್ಲ ಹಿಡಿದುಕೊಂಡು ಬರಬೇಕಂತೆ, ತೋಟದ ಧಣಿ ತಿರುಮಲೇಶ್ವರ ಭಟ್ಟರ ಕಾರು ಕೂತುಬಿಟ್ಟಿದೆ ಎನ್ನುವುದು ಇನ್ನೊಂದು.

"ಸಾಮಾನಾ?" ಬೆಳ್ಯಪ್ಪ ಸುಳ್ಯದ ಗ್ಯಾರೇಜಿನ ಎದುರು ನಿಂತು ಕಂಡಕ್ಟರನ ಮೇಲೆಯೇ ಹರಿಹಾಯ್ದ. "ಬಿದ್ದದ್ದು ನನ್ನ ಅಣ್ಣನೋ, ಆ ಭಟ್ರ ಕಾರೋ?"

"ನನಗೆ ಬೈದು ಎಂತ ಮಾಡ್ತಿ ಮಾರಾಯ? ಹೇಳಿದ್ದನ್ನು ಹೇಳಿದೆ. ಹತ್ತುದಾದ್ರೆ ಹತ್ತು, ಸಂಪಾಜೆಗೆ ವಾಪಸ್ ಬಸ್ಸು ಬಿಡ್ತೇನೆ."

ಬೆಳ್ಯಪ್ಪ ಸಾಮಾನಿನ ಚೀಲ ಹೊತ್ತು ಬಸ್ಸು ಹತ್ತಿದ. ಸಂಪಾಜೆ ಮುಟ್ಟುವವರೆಗೆ ರಸ್ತೆಯೇ ಅವನ ಪರವಾಗಿ ಮಾತಾಡಿತು. ಮಳೆಗಾಲದ ಆಟಿ ತಿಂಗಳ ನಡುವೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನೀರು ಇಂಗಿದ ಹೊಂಡಗಳು ಬಾಯಿ ತೆರೆದುಕೊಂಡಿದ್ದವು. ಬಸ್ಸು ಒಂದೊಂದಕ್ಕೆ ಇಳಿದಾಗಲೂ ಅವನ ತಲೆ ಮೇಲಿನ ಕಬ್ಬಿಣದ ಸರಳಿಗೆ ಬಡಿಯುತ್ತಿತ್ತು. ಬಿಸಿಲು ಬಂದದ್ದೇ ತಡ, ಭಟ್ಟರು ತೋಟಕ್ಕೆ ಕೊಳೆರೋಗದ ಎರಡನೆಯ ಸಲದ ಮದ್ದು ಬಿಡಿಸಲು ಹೊರಟಿರುತ್ತಾರೆ, ಕಾಂಡದ ಪಾಚಿ ಒಣಗಿದೆಯೋ ಇಲ್ಲವೋ ಯಾರು ನೋಡುತ್ತಾರೆ, ಹತ್ತುವವನು ಹೇಗೂ ಬೇರೆಯವನು ಎಂದು ಅವನು ಲೆಕ್ಕ ಹಾಕಿದ. ಆ ಮರಗಳ ಗುರುತು ಅವನಿಗೆ ಚೆನ್ನಾಗಿ ಇತ್ತು. ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು, ಸುಳ್ಯಕ್ಕೆ ಗಾಡಿ ಕೆಲಸಕ್ಕೆ ಸೇರುವವರೆಗೆ ಅವನೂ ಅಣ್ಣನ ಜೊತೆ ಅದೇ ತೋಟದಲ್ಲಿ ಮದ್ದು ಕದಡಿದವನು.

ಭಟ್ಟರ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ಕಾರು. ಉದ್ದನೆಯ, ಹಸುರು ಬಣ್ಣದ, ಹಿಂದೆಯೂ ಒಂದು ಬಾಗಿಲಿರುವ ಪರದೇಶದ ಗಾಡಿ. ಕೊಡಗಿನ ಕಾಫಿ ತೋಟದ ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ್ದನ್ನು ಭಟ್ಟರು ತಂದದ್ದು. ಈಗ ಅದರ ಹಿಂಬದಿಯ ಬಲ ಮೂಲೆ ನೆಲಕ್ಕೆ ತಾಗುವಷ್ಟು ಕುಸಿದಿತ್ತು, ಕಾಲು ಮುರಿದ ಎಮ್ಮೆ ಮಲಗಿದ ಹಾಗೆ.

ಜಗಲಿಯಲ್ಲಿ ಕೂಸಪ್ಪ ಬಾಗಿಲ ಹಲಗೆಯೊಂದರ ಮೇಲೆ ಅಂಗಾತ ಮಲಗಿದ್ದ. ಎದೆಗೆ, ಸೊಂಟಕ್ಕೆ, ತೊಡೆಗೆ ಪಂಚೆ ಹರಿದು ಕಟ್ಟಿ ಹಲಗೆಗೆ ಬಿಗಿದಿದ್ದರು. ತಲೆಯ ಎರಡು ಬದಿಗೆ ಅಕ್ಕಿಯ ಗಂಟು. ಅವನ ಹೆಂಡತಿ ನೀಲಾವತಿ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಳು.

"ಬಂದೆಯಾ ಬೆಳ್ಯ?" ಕೂಸಪ್ಪ ಕಣ್ಣನ್ನು ಮಾತ್ರ ತಿರುಗಿಸಿದ. "ತಲೆ ಅಲ್ಲಾಡಿಸ್ಬಾರ್ದಂತೆ. ನಿನ್ನ ಮೋರೆ ನೋಡ್ಬೇಕಾದ್ರೆ ನೀನೇ ಬಗ್ಗಬೇಕು."

ಬೆಳ್ಯಪ್ಪನಿಗೆ ಬಗ್ಗಲು ಧೈರ್ಯ ಬರಲಿಲ್ಲ. ಅವನು ಡಾಕ್ಟರ ಕಡೆ ತಿರುಗಿದ. ಸಂಪಾಜೆಯಲ್ಲಿ ಜ್ವರಕ್ಕೂ ಹೆರಿಗೆಗೂ ಇದ್ದ ಒಬ್ಬರೇ ಡಾಕ್ಟರು, ಸರ್ವೋತ್ತಮ ರಾಯರು. ಅವರು ಸುತ್ತಿ ಬಳಸಿ ಹೇಳುವವರಲ್ಲ.

"ಬೆನ್ನೆಲುಬು ಒಡೆದಿದೆ. ಕಾಲಲ್ಲಿ ಇನ್ನೂ ಸ್ಪರ್ಶ ಉಂಟು, ಅಂದ್ರೆ ಒಳಗಿನ ನರ ಉಳಿದಿದೆ. ಪುತ್ತೂರಿನ ಆಸ್ಪತ್ರೆಗೆ ಇವತ್ತು ಮಂಗಳೂರಿಂದ ಎಲುಬಿನ ಡಾಕ್ಟ್ರು ಬರುವ ದಿನ. ಸಂಜೆ ಹೊರಟುಬಿಡ್ತಾರೆ. ಅಷ್ಟರೊಳಗೆ ಮುಟ್ಟಿಸ್ಬೇಕು. ಆದ್ರೆ ದಾರಿಯಲ್ಲಿ ಒಂದು ಗಟ್ಟಿ ಪೆಟ್ಟು ಬಿದ್ರೆ ಆ ಎಲುಬಿನ ಚೂರು ನರಕ್ಕೆ ಚುಚ್ಚಿತು ಅಂತ ಲೆಕ್ಕ. ಮತ್ತೆ ಇವ ಜನ್ಮದಲ್ಲಿ ಏಳುದಿಲ್ಲ."

"ಜೀಪು..."

"ಜೀಪಲ್ಲಿ ನನ್ನ ಎಲುಬೇ ಉಳಿಯುದಿಲ್ಲ. ಆ ಗಾಡಿಯೊಂದೇ." ಡಾಕ್ಟರು ಕುಸಿದ ಕಾರಿನತ್ತ ಕೈ ತೋರಿಸಿದರು. "ನಾನು ಅದರಲ್ಲಿ ಕೂತವ, ಹೇಳ್ತೇನೆ. ಅದು ರಸ್ತೆಯಲ್ಲಿ ಹೋಗುದಲ್ಲ, ತೇಲುದು."

ತಿರುಮಲೇಶ್ವರ ಭಟ್ಟರು ಶಾಲು ಹೆಗಲ ಮೇಲೆ ಸರಿಮಾಡುತ್ತ ಓಡಿ ಬಂದರು. ನಿದ್ದೆ ಹಾರಿದ ಕಣ್ಣು, ನಿಲ್ಲದ ಬಾಯಿ. "ಬೆಳ್ಯಪ್ಪ, ಗಾಳಿಯಲ್ಲಿ ನಡೆಯುವ ಗಾಡಿ ಇದು. ಕಬ್ಬಿಣದ ಸ್ಪ್ರಿಂಗು ಇಲ್ಲವೇ ಇಲ್ಲ. ಮೊನ್ನೆಯಿಂದ ಒಂದು ಮೂಲೆ ಏಳುದಿಲ್ಲ, ನಾನು ಮಂಗಳೂರಿಗೆ ಹೇಳಿ ಕಳಿಸಿದ್ದೇನೆ, ಅಲ್ಲಿಯವರಿಗೂ ಇದರ..."

"ನಿಮ್ಮ ತೋಟ, ನಿಮ್ಮ ಮರ, ಬೆನ್ನು ಮಾತ್ರ ನಮ್ಮದು," ಎಂದ ಬೆಳ್ಯಪ್ಪ. "ಗಾಡಿಯ ಹೊಗಳಿಕೆ ಆಮೇಲೆ ಮಾಡಿ ಭಟ್ರೆ."

ಭಟ್ಟರ ಮುಖ ಕಪ್ಪಿಟ್ಟಿತು. ನೀಲಾವತಿ ಕೂತಲ್ಲಿಂದಲೇ ಹೇಳಿದಳು: "ಬೈಯುವುದಿದ್ರೆ ನಾಳೆ ಬಾ, ನಾನೂ ಸೇರ್ತೇನೆ. ಈಗ ಸಿಟ್ಟನ್ನು ಆ ಗಾಡಿಯ ಅಡಿಗೆ ತಕೊಂಡು ಹೋಗ್ಬೇಡ. ಕೈ ನಡುಗ್ತದೆ."

ಜಾಕ್ ಕೊಟ್ಟು, ಮರದ ದಿಮ್ಮಿ ಇಟ್ಟು, ಬೆಳ್ಯಪ್ಪ ಅಂಗಾತ ಮಲಗಿ ಒಳಗೆ ಸರಿದ. ಅವನು ನೋಡಿದ ಲಾರಿ, ಬಸ್ಸು, ಜೀಪು ಎಲ್ಲದರ ಅಡಿಯಲ್ಲೂ ಒಂದೇ ಸಂಸಾರ: ಬಿಲ್ಲಿನ ಹಾಗೆ ಬಗ್ಗಿದ ಪಟ್ಟಿಗಳು, ಒಂದರ ಮೇಲೊಂದು, ಗ್ರೀಸು, ಕೆಸರು, ತುಕ್ಕು. ಇಲ್ಲಿ ಅದೊಂದೂ ಇರಲಿಲ್ಲ. ಪಟ್ಟಿ ಇರಬೇಕಾದ ಜಾಗದಲ್ಲಿ ಕಪ್ಪು ರಬ್ಬರಿನ ಒಂದು ತಿದಿ. ಕಮ್ಮಾರ ಬೆಂಕಿ ಊದುವ ತಿದಿಯಂಥದೇ, ಗುಂಡಗೆ, ಮಡಿಕೆ ಮಡಿಕೆಯಾಗಿ. ಪ್ರತಿ ಚಕ್ರಕ್ಕೆ ಒಂದೊಂದು. ಅವಕ್ಕೆ ತೆಳ್ಳಗಿನ ಪೈಪುಗಳಲ್ಲಿ ಗಾಳಿ ಬರಬೇಕು. ಇಷ್ಟು ದೊಡ್ಡ ಗಾಡಿ, ಅದರ ಇಂಜಿನು, ಅದರ ಗಾಜು, ಅದರೊಳಗಿನ ಭಟ್ಟರು, ಎಲ್ಲವೂ ನಿಂತಿರುವುದು ಬರೀ ಗಾಳಿಯ ಮೇಲೆ.

ಅವನು ಅದನ್ನು ನಂಬಲಿಲ್ಲ. ಹೊರಗೆ ಬಂದು, "ಸ್ಟಾರ್ಟ್ ಮಾಡಿ ನೋಡುವ" ಎಂದ.

ಇಂಜಿನು ತಿರುಗಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಾಡಿಯ ಮೂತಿ, ಯಾರೂ ಮುಟ್ಟದೆ, ನಿಧಾನಕ್ಕೆ ಮೇಲೆದ್ದಿತು. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ. ಮಲಗಿದ್ದ ದನ ಮೊದಲು ಒಂದು ಕಾಲು ಊರಿ, ಮತ್ತೊಂದು ಊರಿ ಏಳುವ ಹಾಗೆಯೇ. ಬೆಳ್ಯಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋದ. ಅಂಗಳದ ಬದಿಯಲ್ಲಿ ನಿಂತ ಆಳುಗಳಲ್ಲಿ ಒಬ್ಬ ತನಗೆ ಗೊತ್ತಿಲ್ಲದೆಯೇ ಕೈಮುಗಿದ. ನಾಲ್ಕನೆಯ ಮೂಲೆ ಮಾತ್ರ ದಿಮ್ಮಿಯ ಮೇಲೆ ಹಾಗೆಯೇ ಕೂತಿತ್ತು.

ಮೂರು ಏಳುತ್ತವೆ ಅಂದರೆ ಇಂಜಿನಿನ ಬಳಿಯ ಪಂಪು ಸರಿ ಉಂಟು. ದೋಷ ಈ ಮೂಲೆಯದ್ದೇ. ಎಲ್ಲಿಯೋ ಗಾಳಿ ಸುಯ್ಯನೆ ಹೋಗುತ್ತಿದೆ, ಆದರೆ ತಗಡಿನ ಕೆಳಗೆ ಆ ಸದ್ದು ನಾಲ್ಕು ಕಡೆಯಿಂದಲೂ ಕೇಳುತ್ತದೆ. ಬೆಳ್ಯಪ್ಪ ಕೂಗಿದ: "ಅತ್ತಿಗೇ, ಅಂಟುವಾಳಕಾಯಿ ನೊರೆ ಮಾಡಿ ಕೊಡಿ. ದಪ್ಪಕ್ಕೆ ಬೇಕು."

ತಿದಿಯ ಪ್ರತಿ ಮಡಿಕೆಗೂ ಬಟ್ಟೆಯಲ್ಲಿ ನೊರೆ ಹಚ್ಚಿದ. ರಬ್ಬರು ಹರಿದಿದ್ದರೆ ಅಲ್ಲಿ ಗುಳ್ಳೆ ಏಳಬೇಕು. ಏಳಲಿಲ್ಲ. ತಿದಿಗೆ ಪೈಪು ಸೇರುವ ಗಂಟಿಗೆ ಹಚ್ಚಿದ. ಇಲ್ಲ. ಚಕ್ರದ ಬಳಿ ಒಂದು ಸಣ್ಣ ವಾಲ್ವು, ಅದಕ್ಕೊಂದು ಕಡ್ಡಿಯ ಕೈ. ಗಾಡಿ ತಗ್ಗಿದಾಗ ಆ ಕಡ್ಡಿ ಮೇಲಕ್ಕೆ ಒತ್ತಿ ಗಾಳಿ ಒಳಗೆ ಬಿಡುತ್ತದೆ, ಹೆಚ್ಚು ಎತ್ತರವಾದರೆ ಕೆಳಗೆ ಜಗ್ಗಿ ಗಾಳಿ ಹೊರಗೆ ಬಿಡುತ್ತದೆ. ಯಾರೂ ಹೇಳದೆ, ತನ್ನ ಭಾರವನ್ನು ತಾನೇ ನೋಡಿಕೊಳ್ಳುವ ಗಾಡಿ! ಅದು ತಿಳಿದಾಗ ಬೆಳ್ಯಪ್ಪನ ಬಾಯಿಂದ ಒಂದು ಕೆಟ್ಟ ಬೈಗುಳ ಬಂತು. ಅವನಲ್ಲಿ ಹೊಗಳಿಕೆಗೆ ಬೇರೆ ಮಾತು ಇರಲಿಲ್ಲ.

ಕಡ್ಡಿಯನ್ನು ಬಿಚ್ಚಿ ಕೈಯಿಂದಲೇ ಮೇಲೆ ಒತ್ತಿದ. ವಾಲ್ವಿನೊಳಗೆ ಗಾಳಿ ನುಗ್ಗಿದ್ದು ಬೆರಳಿಗೆ ತಿಳಿಯಿತು. ತಿದಿ ಮಾತ್ರ ಉಬ್ಬಲಿಲ್ಲ. ಹಾಗಾದರೆ ವಾಲ್ವು ಸರಿ, ತಿದಿ ಸರಿ. ನಡುವಿನ ಪೈಪೊಂದೇ ಉಳಿಯಿತು.

ಪೈಪು ಗಾಡಿಯ ನೆಲಕ್ಕೂ ಚೌಕಟ್ಟಿಗೂ ನಡುವೆ, ಒಂದು ಕೊಂಡಿಯಲ್ಲಿ ಸಿಕ್ಕಿಕೊಂಡು ಹೋಗಿತ್ತು. ಕೆಸರು ಒರೆಸಿದ. ಕಪ್ಪು ಬಣ್ಣದ ಉಕ್ಕಿನ ಪೈಪು, ಕೊಂಡಿಯ ಹತ್ತಿರ ಮಾತ್ರ ತಾಮ್ರದ ಕೆಂಪು. ಬಗ್ಗಿಸುವ ಜಾಗದಲ್ಲಿ ಪರದೇಶದವರು ತಾಮ್ರದ ತುಂಡು ಸೇರಿಸಿದ್ದಾರೆ, ಬುದ್ಧಿವಂತರು ಎಂದುಕೊಂಡು ಅವನು ಅದನ್ನು ದಾಟಿ ಮುಂದೆ ಹೋದ. ಮುಂದೆ ಹೋಗಿ, ಕೊನೆಯವರೆಗೆ ನೊರೆ ಹಚ್ಚಿ, ಏನೂ ಸಿಗದೆ, ಮತ್ತೆ ಮೊದಲಿಂದ ಶುರು ಮಾಡಿದ. ಹೊರಗೆ ಬಿಸಿಲು ತಿರುಗುತ್ತಿತ್ತು. ಅವನ ಸಿಟ್ಟು ಮತ್ತೆ ತಲೆಗೆ ಏರಿತು. ಸ್ಪ್ಯಾನರಿನಿಂದ ಆ ಕೊಂಡಿಗೆ ಒಂದು ಏಟು ಹಾಕಿದ.

ಕೊಂಡಿಯ ಮೇಲಿದ್ದ ಕೆಸರಿನ ಹೆಂಟೆ ಉದುರಿತು. ಒಳಗಿನ ನಟ್ಟೂ ಕೆಂಪು.

ಬೆಳ್ಯಪ್ಪ ಉಸಿರು ಹಿಡಿದ. ಪೈಪಿಗೆ ತಾಮ್ರ ಹಾಕಿಯಾರು. ಕೊಂಡಿ ಬಿಗಿಯುವ ನಟ್ಟಿಗೆ ಯಾವ ದೇಶದವನು ತಾಮ್ರ ಹಾಕುತ್ತಾನೆ? ಆ ಕೆಂಪನ್ನು ಅವನು ಬೇರೆಲ್ಲಿಯೋ ನೋಡಿದ್ದಾನೆ. ಗಾಡಿಯಲ್ಲಿ ಅಲ್ಲ. ಕತ್ತಿಯ ಅಲಗಿನಲ್ಲಿ. ಮೈಲುತುತ್ತಿನ ನೀಲಿ ನೀರಿಗೆ ಸುಣ್ಣ ಸೇರಿಸಿ ತೋಟದ ಮದ್ದು ಮಾಡುವಾಗ ಹದ ನೋಡುವುದು ಹಾಗೆಯೇ. ಉಜ್ಜಿದ ಕತ್ತಿಯನ್ನು ಅದ್ದಬೇಕು. ಬಿಳಿಯಾಗಿಯೇ ಬಂದರೆ ಮದ್ದು ಹದ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಮೈಲುತುತ್ತು ತನ್ನ ತಾಮ್ರ ಬಿಟ್ಟು ಇನ್ನೂ ಕಬ್ಬಿಣ ತಿನ್ನುತ್ತಿದೆ.

ಅವನು ಪೈಪಿನ ಕೆಂಪನ್ನು ಉಗುರಿನಿಂದ ಕೆರೆದ. ಹಾಳೆಯ ಹಾಗೆ ಎದ್ದು ಬಂತು. ನೊರೆ ಹಚ್ಚಿದ. ಕೊಂಡಿಯ ಅಡಿಯಿಂದ ಗುಳ್ಳೆಗಳು ಹೂವಿನ ಗೊಂಚಲಿನ ಹಾಗೆ ಉಕ್ಕಿದವು. ಮೇಲೆ ಗಾಡಿಯ ನೆಲದಲ್ಲಿ ಸ್ಕ್ರೂ ಬಿದ್ದುಹೋದ ಒಂದು ತೂತು, ಅದರ ಸುತ್ತ ನೀಲಿ ಕಲೆ.

ಅವನು ಹೊರಗೆ ಉರುಳಿ ಎದ್ದು ನಿಂತ. "ಯಾವ ಪುಣ್ಯಾತ್ಮ ಮಾರಾಯ್ರೆ ಈ ಗಾಡಿಯಲ್ಲಿ ಮೈಲುತುತ್ತು ಹೇರಿದ್ದು? ಭಟ್ರೆ! ತೇಲುವ ಗಾಡಿ ಅಂತ ಊರಿಡೀ ಹೇಳಿಕೊಂಡು ಬರ್ತೀರಿ, ಅದರ ಹೊಟ್ಟೆಗೆ ವಿಷ ಹಾಕಿ ಕೊಂದಿದ್ದೀರಿ! ಪೈಪನ್ನು ಗೆದ್ದಲು ತಿಂದ ಹಾಗೆ ತಿಂದಿದೆ!"

ಭಟ್ಟರು ಜಗಲಿಯ ಕಡೆ ನೋಡಿದರು.

"ಹೇರಿದ್ದು ನಾನು," ಎಂದ ಕೂಸಪ್ಪ ಹಲಗೆಯ ಮೇಲಿಂದ. ಅವನು ಮಾಡಿನ ತೊಲೆಯನ್ನೇ ನೋಡುತ್ತ ಮಾತಾಡುತ್ತಿದ್ದ. "ಭಟ್ರು ಬೇಡ ಅಂದಿದ್ರು. ಮೊದಲ ಸಲದ ಮದ್ದಿನ ಹೊತ್ತಿಗೆ ಪೇಟೆಯಿಂದ ಬರುವಾಗ ಮಳೆ ಬಂತು, ಎತ್ತಿನ ಗಾಡಿ ಸಿಗ್ಲಿಲ್ಲ. ಗೋಣಿ ಅರ್ಧ ಒದ್ದೆಯಾಗಿತ್ತು. ಇದು ಅಲ್ಲಾಡದ ಗಾಡಿ, ಒಂದು ತೊಟ್ಟು ಚೆಲ್ಲುದಿಲ್ಲ ಅಂತ ನಾನೇ ಹೇಳಿ ಹೇರಿ, ಹಿಂದಿಂದ ನಡೆದು ಬಂದೆ. ಇನ್ನು ಬೈ."

ಬೆಳ್ಯಪ್ಪನ ಬೆರಳು ಇನ್ನೂ ಭಟ್ಟರ ಕಡೆಗೇ ಚಾಚಿಕೊಂಡಿತ್ತು. ಅದನ್ನು ಎಲ್ಲಿ ಇಡುವುದೆಂದು ಗೊತ್ತಾಗದೆ ಕೊನೆಗೆ ಕಿವಿ ತುರಿಸಿಕೊಂಡ.

"ಬೈಯುದಿಲ್ವಾ?" ಎಂದಳು ನೀಲಾವತಿ. "ಹಾಗಾದ್ರೆ ಕೆಲಸ ಮಾಡು."

ಅಂಥ ಪೈಪು ಸುಳ್ಯದಲ್ಲಿ ಇಲ್ಲ, ಪುತ್ತೂರಿನಲ್ಲಿಯೂ ಇಲ್ಲ. ಮೊದಲು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿದು ನೋಡಿದ. ಇಂಜಿನು ಚಾಲೂ ಮಾಡಿದ ಸ್ವಲ್ಪದರಲ್ಲೇ ಅದು ಪಟಾರನೆ ಹಾರಿಹೋಯಿತು. ಗಾಡಿಯನ್ನೇ ಎತ್ತುವ ಗಾಳಿ ಒಂದು ಪಟ್ಟಿಗೆ ನಿಲ್ಲುತ್ತದೆಯೇ?

ಬೆಳ್ಯಪ್ಪ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕುಸಿದ ಮೂಲೆಯನ್ನು ದಿಟ್ಟಿಸಿದ. ತಿದಿ ಒಳ್ಳೆಯದುಂಟು. ಅದಕ್ಕೆ ಬೇಕಾದದ್ದು ಗಾಳಿ. ಗಾಳಿ ಇಂಜಿನಿನಿಂದಲೇ ಬರಬೇಕೆಂದು ಯಾರು ಹೇಳಿದ್ದು? ಚಕ್ರದ ಟ್ಯೂಬಿಗೆ ನಾವು ಹೊಡೆಯುವುದಿಲ್ಲವೇ?

ತಿಂದುಹೋದ ಜಾಗವನ್ನು ಕತ್ತರಿಸಿ ತೆಗೆದ. ವಾಲ್ವಿನ ಕಡೆಯ ತುಂಡನ್ನು ಮಡಚಿ, ಬಡಿದು, ಬಾಯಿ ಮುಚ್ಚಿದ. ಇಲ್ಲದಿದ್ದರೆ ಉಳಿದ ಮೂರು ಮೂಲೆಗಳ ಗಾಳಿಯೂ ಅಲ್ಲಿಂದ ಹೋಗುತ್ತದೆ. ತಿದಿಯ ಕಡೆ ಉಳಿದ ಗೇಣುದ್ದದ ಪೈಪಿನ ತುದಿಯನ್ನು ಬೆಳ್ಳಗೆ ಉಜ್ಜಿ, ಹಳೆಯ ಜೀಪ್ ಟ್ಯೂಬಿನಿಂದ ಬಿಡಿಸಿದ ಹಿತ್ತಾಳೆಯ ವಾಲ್ವನ್ನು ಅದಕ್ಕೆ ಸಿಕ್ಕಿಸಿದ. ಇನ್ನು ಬೆಸುಗೆ. ಬೆಂಕಿ ಇಲ್ಲಿ, ರಬ್ಬರು ಅಲ್ಲಿ, ನಡುವೆ ಗೇಣು ಪೈಪು. ಕಬ್ಬಿಣದಲ್ಲಿ ಶಾಖ ಓಡಿದರೆ ತಿದಿ ಕರಗಿ ಎಲ್ಲವೂ ಮುಗಿಯಿತು.

"ಒದ್ದೆ ಬಟ್ಟೆ ಸುತ್ತಿ ಇಲ್ಲಿ ಹಿಡೀಬೇಕು ಅತ್ತಿಗೆ. ಬಿಸಿಯಾಗ್ತದೆ. ಬಿಡ್ಬಾರ್ದು."

ನೀಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಅಡಿಗೆ ತೂರಿದಳು. ಬ್ಲೋಲ್ಯಾಂಪು ಭರ್ರನೆ ಉರಿಯಿತು. ಬೆಸುಗೆಗೆ ಹಾಕಿದ ನವಸಾಗರದ ಹೊಗೆ ಕಣ್ಣಿಗೆ ಹತ್ತಿತು. ಅವಳ ಬೆರಳುಗಳ ನಡುವಿನಿಂದ ಹಬೆ ಏಳುತ್ತಿತ್ತು; ಭಟ್ಟರು ಹೊರಗಿನಿಂದ ಬಗ್ಗಿ ಚೆಂಬಿನಿಂದ ನೀರು ಬಿಡುತ್ತಲೇ ಇದ್ದರು. ತವರ ಕರಗಿ, ಬೆಳ್ಳಿಯ ಹಾಗೆ ಹೊಳೆದು, ಗಂಟಿನ ಸುತ್ತ ಓಡಿ ಕೂತಿತು. ಅವಳು ಕೈ ಬಿಡಲಿಲ್ಲ. "ಸಾಕು" ಎಂದಾಗ ಬಟ್ಟೆಯಿಂದ ಬೆರಳು ಬಿಡಿಸಲು ಅವಳಿಗೆ ಕಷ್ಟವಾಯಿತು.

ಜಾಕಿನಲ್ಲಿ ಮೂಲೆಯನ್ನು ಎತ್ತಿ ಹಿಡಿದು, ತಿದಿಗೆ ಕೈಪಂಪಿನಲ್ಲಿ ಗಾಳಿ ಹೊಡೆದರು. ಬೆಳ್ಯಪ್ಪ ಹೊಡೆದ, ಆಳುಗಳು ಹೊಡೆದರು, ಶಾಲು ಬದಿಗಿಟ್ಟು ಭಟ್ಟರೂ ಹೊಡೆದರು.

"ಮೆಲ್ಲ ಭಟ್ರೆ," ಎಂದ ಕೂಸಪ್ಪ. "ನೀವೂ ಬಿದ್ರೆ ಹಲಗೆ ಒಂದೇ ಇರುದು."

ಜಾಕ್ ಇಳಿಸಿದರು. ಮೂಲೆ ಇಳಿಯಿತು, ಇಳಿಯಿತು, ಮತ್ತೆ ನಿಂತಿತು. ಗಾಡಿ ನಾಲ್ಕೂ ಕಾಲ ಮೇಲೆ ನಿಂತಿತ್ತು. ಬೆಳ್ಯಪ್ಪ ಒಂದು ಬೆರಳಿನಿಂದ ಅದರ ಹಿಂಬದಿಯನ್ನು ಒತ್ತಿದ. ಬಂಡೆಯ ಹಾಗೆ ಗಟ್ಟಿ. ಹೆಚ್ಚಾಗಿದೆ. ಹೀಗೆ ಹೋದರೆ ಎತ್ತಿನ ಗಾಡಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಹಲಗೆಯನ್ನು ಕೂಸಪ್ಪನ ಸಮೇತ ಹಿಂಬಾಗಿಲಿನಿಂದ ಒಳಗೆ ಸರಿಸಿದ ಮೇಲೆ ಕಡ್ಡಿ ತುದಿಯಿಂದ ವಾಲ್ವಿನ ಮೂಗು ಒತ್ತಿ ಚೂರು ಚೂರೇ ಗಾಳಿ ಬಿಟ್ಟ, ಒತ್ತಿ ನೋಡಿದ, ಬಿಟ್ಟ, ಮತ್ತೆ ಒತ್ತಿ ನೋಡಿದ. ಒಮ್ಮೆ ಆ ಬೆರಳಿನ ಅಡಿಯಲ್ಲಿ ಇಡೀ ಗಾಡಿ ಮೆತ್ತಗೆ ತಗ್ಗಿ, ನಿದ್ದೆಯಲ್ಲಿರುವ ಪ್ರಾಣಿ ಉಸಿರು ಎಳೆದುಕೊಂಡ ಹಾಗೆ ಮೇಲೆ ಬಂತು. ಅವನು ಕಡ್ಡಿ ಬಿಸಾಡಿದ.

ಭಟ್ಟರು ಸ್ಟೇರಿಂಗ್ ಹಿಡಿದರು. ನೀಲಾವತಿ ಮುಂದೆ. ಬೆಳ್ಯಪ್ಪ ಹಿಂದೆ, ಹಲಗೆಯ ಪಕ್ಕ ಮೊಣಕಾಲೂರಿ, ಅಣ್ಣನ ತಲೆಯ ಎರಡೂ ಬದಿಗೆ ಕೈ ಕೊಟ್ಟು ಕೂತ.

"ನೋಡು ಬೆಳ್ಯ," ಎಂದ ಕೂಸಪ್ಪ, "ಈ ಗಾಡಿಯಲ್ಲಿ ಮೈಲುತುತ್ತು ಸಹ ನನಗಿಂತ ಮೊದಲು ಹೋಗಿ ಬಂತು. ಬೆನ್ನು ಮುರಿಯದಿದ್ರೆ ನನಗೆ ಸಿಕ್ತಿತ್ತಾ ಈ ಯೋಗ?"

ಭಟ್ಟರು ಕನ್ನಡಿಯಲ್ಲಿ ಹಿಂದೆ ನೋಡಿ, ಗೇರು ಹಾಕಿದರು.

ಬೆಳಿಗ್ಗೆ ಬಸ್ಸು ಬಿದ್ದ ಹೊಂಡ ಎದುರಿಗೆ ಬಂತು. ಬೆಳ್ಯಪ್ಪ ಹೆಗಲು ಗಟ್ಟಿ ಮಾಡಿ ಹಲ್ಲು ಕಚ್ಚಿದ. ಚಕ್ರ ಹೊಂಡಕ್ಕೆ ಬಿದ್ದ ಸದ್ದು ಬಂತು. ಪೆಟ್ಟು ಬರಲಿಲ್ಲ. ಅವನು ಕಾದ. ಬರಲೇ ಇಲ್ಲ. ಸದ್ದು ಎಲ್ಲಿಯೋ ಕೆಳಗೆ, ಬೇರೆ ಯಾರದೋ ರಸ್ತೆಯಲ್ಲಿ ಆದ ಹಾಗಿತ್ತು. ಇನ್ನೊಂದು ಹೊಂಡ, ಮೋರಿಯ ಕಲ್ಲು, ಕೊರೆದುಹೋದ ಅಂಚು. ಸದ್ದು ಮಾತ್ರ. ಅವನ ಕೈಯ ನಡುವೆ ಅಣ್ಣನ ತಲೆ ತೊಟ್ಟಿಲಿನ ಮಗುವಿನ ತಲೆಯ ಹಾಗೆ ತೂಗುತ್ತಿತ್ತು ಅಷ್ಟೆ. ರಸ್ತೆ ತನ್ನ ಹುಟ್ಟಿನಿಂದ ಈ ಊರಿನವರ ಸೊಂಟ ಮುರಿಯುತ್ತ ಬಂದದ್ದು. ಇವತ್ತು ಎಷ್ಟು ಒದ್ದರೂ ಅದರ ಒದೆತವನ್ನು ಕೆಳಗೆ ಯಾರೋ ನುಂಗುತ್ತಿದ್ದರು. ಯಾರು? ಗಾಳಿ. ತಾನು ಕೈಪಂಪಿನಲ್ಲಿ ಹೊಡೆದ, ಭಟ್ಟರ ಅಂಗಳದ, ಸೆಗಣಿ ವಾಸನೆಯ ಗಾಳಿ.

ಅಂಥದ್ದು ಲೋಕದಲ್ಲಿ ಉಂಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಬಾಯಿಗೆ ಮತ್ತೆ ಅದೇ ಕೆಟ್ಟ ಬೈಗುಳ ಬಂತು. ಅದು ಸಿಟ್ಟಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಸುಳ್ಯ ದಾಟಿತು. ಜಾಲ್ಸೂರಿನ ತಿರುವು ದಾಟಿತು. ಕನಕಮಜಲಿನ ಹತ್ತಿರ, ರಸ್ತೆಯೇ ಇಲ್ಲದೆ ಬರೀ ಕಲ್ಲು ಎದ್ದು ನಿಂತ ಜಾಗದಲ್ಲಿ, ಬೆಳ್ಯಪ್ಪ ಕೆಳಗೆ ನೋಡಿದ. ಕೂಸಪ್ಪನ ಕಣ್ಣು ಮುಚ್ಚಿತ್ತು. ಬಾಯಿ ಚೂರು ತೆರೆದಿತ್ತು.

"ಅಣ್ಣ?"

ಇಲ್ಲ.

"ನಿಲ್ಸಿ! ಭಟ್ರೆ, ನಿಲ್ಸಿ ಗಾಡಿ!"

ಗಾಡಿ ನಿಂತಿತು. ನೀಲಾವತಿ ಹಿಂದಕ್ಕೆ ತಿರುಗಿದಳು, ಅವಳ ಮುಖದಲ್ಲಿ ರಕ್ತ ಇರಲಿಲ್ಲ. ಬೆಳ್ಯಪ್ಪ ಅಣ್ಣನ ಮೂಗಿನ ಹತ್ತಿರ ಕೈ ಹಿಡಿಯುವಷ್ಟರಲ್ಲಿ ಕೂಸಪ್ಪ ಒಂದು ಕಣ್ಣು ತೆರೆದ.

"ಎಂತ? ಮುಟ್ಟಿತಾ ಪುತ್ತೂರು?"

"ಇಲ್ಲ."

"ಮತ್ತೆ ಎಂತಕ್ಕೆ ನಿಲ್ಸಿದ್ದು ಮಾರಾಯ? ಮದ್ದಿನ ಕೆಲಸ ಸುರುವಾದ ಮೇಲೆ ಸರಿ ನಿದ್ದೆ ಮಾಡಿದವನಲ್ಲ ನಾನು. ಈಗ ಚೂರು ಕಣ್ಣು ಹತ್ತಿತ್ತು."

ನೀಲಾವತಿ ಅಳುತ್ತಲೇ ನಕ್ಕುಬಿಟ್ಟಳು. ಭಟ್ಟರು ಶಾಲಿನಿಂದ ಮುಖ ಒರೆಸಿಕೊಂಡು ಮತ್ತೆ ಗಾಡಿ ಬಿಟ್ಟರು. ಮುರಿದ ಬೆನ್ನಿನವನು ಕನಕಮಜಲಿನ ಕಲ್ಲುಗಳ ಮೇಲೆ ನಿದ್ದೆ ಹೋದ ಎಂದು ಯಾರಿಗೆ ಹೇಳಿದರೆ ನಂಬುತ್ತಾರೆ ಎಂದು ಬೆಳ್ಯಪ್ಪ ಯೋಚಿಸಿದ.

ಪುತ್ತೂರಿನ ಆಸ್ಪತ್ರೆಯ ಅಂಗಳದಲ್ಲಿ ಎಲುಬಿನ ಡಾಕ್ಟರು ಹೊರಡಲು ಮೆಟ್ಟಿಲು ಇಳಿಯುತ್ತಿದ್ದರು. ನೀಲಾವತಿ ಗಾಡಿ ನಿಲ್ಲುವ ಮೊದಲೇ ಹಾರಿ ಅವರ ದಾರಿಗೆ ಅಡ್ಡ ನಿಂತಳು. ಅವರು ಹಿಂಬಾಗಿಲಿನಿಂದ ಒಳಗೆ ಬಗ್ಗಿ, ಹಲಗೆ ಮುಟ್ಟದೆ, ಕೂಸಪ್ಪನ ಪಾದಕ್ಕೆ ಕೈ ಹಾಕಿದರು.

"ಈಗ ಯಾವ ಬೆರಳು ಹಿಡಿದಿದ್ದೇನೆ, ಹೇಳಿ."

"ಕಿರುಬೆರಳು. ಚೂರು ಮೆಲ್ಲ ಹಿಡೀರಿ ಡಾಕ್ಟ್ರೆ, ಅದು ನನ್ನದೇ."

ಡಾಕ್ಟರು ಇನ್ನೊಂದು ಕಾಲನ್ನೂ ನೋಡಿದರು, ಕೇಳಿದರು, ಒತ್ತಿದರು. ಆಮೇಲೆ ನೆಟ್ಟಗೆ ನಿಂತು, "ಸಂಪಾಜೆಯಿಂದಲಾ? ಈ ರಸ್ತೆಯಲ್ಲಾ?" ಎಂದು ಎರಡು ಸಲ ಕೇಳಿದರು. "ನರಕ್ಕೆ ಏನೂ ಆಗಿಲ್ಲ. ತಿಂಗಳುಗಟ್ಟಲೆ ಮಲಗಬೇಕು. ಆಮೇಲೆ ನಡೀತಾರೆ. ಮರ ಹತ್ತುದು ಮಾತ್ರ ಇನ್ನಿಲ್ಲ."

"ಮರ ಯಾರಿಗೆ ಬೇಕು," ಎಂದಳು ನೀಲಾವತಿ.

ಭಟ್ಟರು ಅವಳ ಮುಖ ನೋಡಲಾರದೆ ನೆಲ ನೋಡಿದರು. ಬೆಳ್ಯಪ್ಪ ಅವರನ್ನೇ ನೋಡುತ್ತಿದ್ದ. ಹೇಳಬೇಕಾದದ್ದು ಬಹಳ ಇತ್ತು, ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಆಸ್ಪತ್ರೆಯವರು ನಾಲ್ಕು ಜನ ಬಂದು ಹಲಗೆಗೆ ಕೈ ಕೊಟ್ಟರು. ನಿಧಾನಕ್ಕೆ, ಒಟ್ಟಿಗೆ, ಕೂಸಪ್ಪನನ್ನು ಹೊರಗೆ ಎಳೆದು ಎತ್ತಿಕೊಂಡರು.

ಆಗ ಗಾಡಿ ಎದ್ದಿತು. ಯಾರೂ ಅದನ್ನು ನೋಡುತ್ತಿರಲಿಲ್ಲ, ಬೆಳ್ಯಪ್ಪನೊಬ್ಬ ನೋಡಿದ. ಹಲಗೆ ಬಿಟ್ಟುಕೊಟ್ಟ ಆ ಹಿಂಬದಿ, ಸದ್ದಿಲ್ಲದೆ, ಬೆರಳು ಬೆರಳೇ ಮೇಲೆ ಬಂದು ನಿಂತಿತು. ಬಂದದ್ದು ನಾಲ್ಕು ಬೆರಳಿನ ಎತ್ತರ ಇರಬಹುದು. ತನ್ನ ಅಣ್ಣನ ಭಾರ ಇಷ್ಟು. ಸಂಪಾಜೆಯಿಂದ ಇಲ್ಲಿಯವರೆಗೆ ಕಣ್ಣಿಗೆ ಕಾಣದ ಗಾಳಿ ಅದನ್ನು ಹೊತ್ತು ತಂದಿತ್ತು. ಅವನು ಬಾಗಿ, ಚಕ್ರಕ್ಕೂ ಗಾಡಿಗೂ ನಡುವೆ ತೆರೆದ ಆ ನಾಲ್ಕು ಬೆರಳಿನ ಜಾಗಕ್ಕೆ ಅಂಗೈ ತೂರಿಸಿ ನೋಡಿದ. ಒಳಗೆ ಏನೂ ಇರಲಿಲ್ಲ.